ತಿಪ್ಪೇಶ ವ್ಯಾನಿನ ಆಯಿಲ್ ಬದಲಾಯಿಸಿದ್ದು

ನಿದ್ದೆ ಬಂದೋರು ಮಲಗಿ, ಬರದೋರು ಹೂಂ ಅನ್ನಿ. ನಾನಂತೂ ಹೇಳ್ತೀನಿ.

ಓಬಳಮ್ಮ ಅಂತ ಒಬ್ಬಳಿದ್ದಳು. ಕಡ್ಲೆಕಾಯಿ ಹುರಿದು ಸಂತೆ ಸಂತೆಗೆ ಮಾರೋಳು. ಅವಳಿಗೊಬ್ಬ ಮಗ, ತಿಪ್ಪೇಶ. ವಯಸ್ಸು ಇಪ್ಪತ್ತೆಂಟು. ಮೈಯಲ್ಲಿ ಎತ್ತಿನ ಬಲ, ಮನಸ್ಸು ಮಾತ್ರ ಮೋಡದ ಜೊತೆ ತೇಲ್ತಾ ಇರೋದು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ.

"ಇವನ ಜೊತೆ ಹೆಂಗಪ್ಪಾ ಬಾಳ್ಲಿ!" ಅಂತ ಓಬಳಮ್ಮ ದಿನಕ್ಕೆ ಹತ್ತು ಸಲ ಹಣೆ ಚಚ್ಚಿಕೊಳ್ಳೋಳು.

ಮನೇಲೊಂದು ನೀಲಿ ವ್ಯಾನು. ತೀರಿಕೊಂಡ ಗಂಡ ಓಡಿಸ್ತಿದ್ದ ವ್ಯಾನು. ತಿಪ್ಪೇಶನಿಗೂ ಓಡಿಸೋಕೆ ಚೆನ್ನಾಗಿ ಬರ್ತಿತ್ತು. ಎಲ್ಲಿಗೆ, ಯಾಕೆ ಅನ್ನೋದನ್ನ ಮಾತ್ರ ಯಾರಾದರೂ ಹೇಳಬೇಕಿತ್ತು.

ತಿಪ್ಪೇಶನ ಅಕ್ಕ ಪಾಲಕ್ಕನಿಗೆ ಪೇಟೆ ಆಸ್ಪತ್ರೇಲಿ ಹೆರಿಗೆ ಆಗಿತ್ತು. ಮದುವೆಯಾದ ಹನ್ನೊಂದು ವರ್ಷಕ್ಕೆ ಹುಟ್ಟಿದ ಮೊದಲ ಕೂಸು, ಹೆಣ್ಣು ಕೂಸು. ಅವತ್ತು ಸಂಜೆ ಇಬ್ಬರನ್ನೂ ಮನೆಗೆ ಕರೆತರಬೇಕು. ವ್ಯಾನು ನೋಡಿದರೆ ಗೊರ ಗೊರ ಅಂತಿದೆ. ಆಯಿಲ್ ಬದಲಾಯಿಸಿ ವರ್ಷ ದಾಟಿದೆ. ನಡುದಾರೀಲಿ ಕೆಟ್ಟು ನಿಂತರೆ ಹಸಿ ಬಾಣಂತಿ, ಹಸುಗೂಸು ಬೀದೀಲಿ!

ಗಂಡ ವ್ಯಾನಿನ ಅಡಿ ಮಲಗಿದಾಗ ಸ್ಪ್ಯಾನರ್ ಕೊಟ್ಟೂ ಕೊಟ್ಟೂ ಓಬಳಮ್ಮ ಆ ಕೆಲಸ ಕಲಿತಿದ್ದಳು. ಆದರೆ ಈಗ ಮಂಡಿ ಬಗ್ಗಲ್ಲ, ಬಾಣಂತಿ ಕೋಣೆ ಬೇರೆ ಸಾರಿಸಬೇಕು. ಹೊಸ ಆಯಿಲ್ ಡಬ್ಬ, ಹೊಸ ಫಿಲ್ಟರ್ ಎರಡನ್ನೂ ಮಗನ ಕೈಗೆ ಕೊಟ್ಟಳು.

"ಮೊದಲು ಇಂಜಿನ್ ಬೆಚ್ಚಗೆ ಮಾಡು. ಬೆಚ್ಚಗಿದ್ದರೆ ಹಳೇ ಆಯಿಲ್ ಸಲೀಸಾಗಿ ಇಳಿಯುತ್ತೆ."

"ಹೂನಮ್ಮಾ."

ಸ್ವಲ್ಪ ಹೊತ್ತಾದ ಮೇಲೆ ಬಂದು ನೋಡ್ತಾಳೆ, ಇಂಜಿನ್ ಮೇಲೆ ಕಂಬಳಿ! ಪಕ್ಕದಲ್ಲಿ ತಿಪ್ಪೇಶ ಕೂತು ಮೆಲ್ಲಗೆ ತಟ್ತಾ ಇದ್ದಾನೆ.

"ಏನೋ ಇದು!"

"ಬೆಚ್ಚಗೆ ಮಾಡ್ತಿದ್ದೀನಮ್ಮಾ. ಈಗ ತಾನೇ ಕಣ್ಣು ಮುಚ್ಚಿದೆ."

"ಅಯ್ಯೋ ದಡ್ಡ ಮುಂಡೇದೇ! ಸ್ಟಾರ್ಟ್ ಮಾಡಿ ಐದು ನಿಮಿಷ ಓಡಿಸಬೇಕು!"

"ಹೂನಮ್ಮಾ."

ಸ್ಟಾರ್ಟ್ ಮಾಡಿದ. ಓಡಿಸಿದ. ಬೇಲಿ ದಾಟಿತು, ಬೇವಿನ ಮರ ದಾಟಿತು. ಬಾನು, ಹೊಲ, ವ್ಯಾನು ಎಲ್ಲಾ ಒಂದೇ ನೀಲಿಯೊಳಗೆ ತೇಲಿದಂಗೆ ಕಂಡಿತು. ಐದು ನಿಮಿಷ ಆಯ್ತು. ನಿಲ್ಲಿಸಿದ. ಇಳಿದು ನಡಕೊಂಡು ಮನೆಗೆ ಬಂದ.

"ಎಲ್ಲೋ ಗಾಡಿ?"

"ಕೆರೆ ಏರಿ ಮೇಲಿದೆ. ಐದು ನಿಮಿಷಕ್ಕೆ ಅಷ್ಟೇ ದೂರ ಹೋಗೋದು."

"ನಿಂತ ಕಡೆನೇ ಓಡಿಸೋದು ಕಣೋ! ಹೋಗು, ತಗೊಂಡು ಬಾ! ಬಂದು ಕೆಳಗಿನ ನಟ್ಟು ಬಿಚ್ಚಿ ಆಯಿಲ್ ಇಳಿಸು. ಇದ್ದ ಜಾಗ ಬಿಟ್ಟು ಕದಲಿದರೆ ನೋಡು ಮತ್ತೆ!"

"ಹೂನಮ್ಮಾ."

ತಂದ. ವ್ಯಾನಿನ ಅಡಿ ನುಸುಳಿದ. ನಟ್ಟು ಬಿಚ್ಚಿದ. ಕರೀ ಆಯಿಲ್ ಜಾರಿತು, ಜಡೆ ಬಿಚ್ಚಿ ಹರಡಿದಂಗೆ. ಬೋಗುಣಿ ಗೋಡೆ ಹತ್ತಿರ ಇತ್ತು, ಮೂರು ಮಾರು ದೂರ. ತಿಪ್ಪೇಶ ಕದಲಲಿಲ್ಲ. ಬೆಚ್ಚನೆ ಆಯಿಲ್ ಕಿವಿ ಪಕ್ಕ ಹರಿದು ಅಂಗಳಕ್ಕೆ ಬಂತು. ಅದರೊಳಗೊಂದು ಕಾಮನಬಿಲ್ಲು ಎದ್ದಿತು. ನೋಡ್ತಾ ಮಲಗಿದ.

"ನನ್ನ ಸಾರಿಸಿದ ಅಂಗಳಾ!" ಓಬಳಮ್ಮ ಕೂಗಿಕೊಂಡಳು. "ಬೋಗುಣಿ ಇಡಬಾರದೇನೋ!"

"ಕದಲಬೇಡ ಅಂದೆಯಲ್ಲಮ್ಮಾ."

ಓಬಳಮ್ಮ ಬೂದಿ ತಂದು ಸುರಿದಳು, ಬಳಿದು ಬಳಿದು ತಗಡಿನ ಡಬ್ಬಕ್ಕೆ ತುಂಬಿದಳು. "ಆಯಿಲ್ ಸುರಿಯೋ ಹೊತ್ತಿಗೆ ಕೆಳಗೆ ಪಾತ್ರೆ ಇಡಬೇಕು, ತಿಳೀತಾ? ಈಗ ಫಿಲ್ಟರ್ ಬಿಚ್ಚಿ ಹಾಕು, ಆಮೇಲೆ ಹೊಸ ಆಯಿಲ್ ಸುರಿ."

"ಹೂನಮ್ಮಾ."

ಫಿಲ್ಟರ್ ಬಿಚ್ಚಿದ. ಹಾಕಿದ. ಬೋಗುಣಿ ಬೆಳಗಿ ವ್ಯಾನಿನ ಅಡಿ ಇಟ್ಟ. ಮೇಲಿಂದ ಹೊಸ ಆಯಿಲ್ ಸುರಿದ. ಜೇನುತುಪ್ಪದಂಗೆ ಎಳೆ ಎಳೆಯಾಗಿ ಇಳೀತು. ಮೇಲೆ ಹೋದದ್ದು ಕೆಳಗೆ ಬಂತು. ಡಬ್ಬ ಖಾಲಿ, ಬೋಗುಣಿ ಭರ್ತಿ.

"ತುಂಬಿತಮ್ಮಾ!"

"ಏನೋ ತುಂಬಿದ್ದು? ಕೆಳಗಿನ ನಟ್ಟು ಹಾಕಲಿಲ್ವೇನೋ!"

"ಹಾಕು ಅಂತ ನೀನು ಅನ್ನಲಿಲ್ಲ."

"ಆ ಕೈಯಲ್ಲಿರೋದು ಏನೋ?"

"ಹೊಸ ಫಿಲ್ಟರು."

"ಮತ್ತೆ ಹಾಕಿದ್ದು?"

"ಹಳೇದು. ಬಿಚ್ಚಿ ಹಾಕು ಅಂದೆ. ಬಿಚ್ಚಿದೆ, ಹಾಕಿದೆ."

ಓಬಳಮ್ಮ ಅಲ್ಲೇ ನೆಲಕ್ಕೆ ಕುಸಿದಳು. ಕೂತಿದ್ದು ಒಳ್ಳೇದೇ ಆಯ್ತು. ಮಂಡಿ ನೋವು ಅನ್ನದೆ ಹಾಗೇ ತೆವಳಿ ವ್ಯಾನಿನ ಅಡಿ ಹೋದಳು. ನಟ್ಟು ಬಿಗಿ ಮಾಡಿದಳು. ಹಳೇ ಫಿಲ್ಟರ್ ತಿರುಗಿಸಿ ಕಿತ್ತಳು. ಹೊಸದರ ರಬ್ಬರಿಗೆ ಬೆರಳಲ್ಲಿ ಆಯಿಲ್ ಸವರಿ ಕೈಯಲ್ಲೇ ಬಿಗಿದಳು. ಬೋಗುಣಿ ಆಯಿಲನ್ನ ಸೋಸಿ ಮೇಲಿಂದ ಹುಯ್ದಳು. ಸ್ಟಾರ್ಟ್ ಮಾಡಿದರೆ ವ್ಯಾನು ದುಂಬಿ ಥರ ಗುಂಯ್ ಅಂತು.

"ನೆನಪಿಟ್ಕೋ ತಿಪ್ಪಾ! ಹಳೇದನ್ನ ಅಲ್ಲೇ ಬಿಡಬೇಕು! ಹೊಸದನ್ನ ಮಾತ್ರ ತಗೋಬೇಕು! ಹೂಂ, ಆಸ್ಪತ್ರೆಗೆ ಹೊರಡು ಈಗ."

"ಹೂನಮ್ಮಾ!"

ತಿಪ್ಪೇಶ ದಾರಿಯುದ್ದಕ್ಕೂ ಜಪ ಮಾಡಿಕೊಂಡು ಹೋದ. ಹಳೇದು ಬಿಡಬೇಕು, ಹೊಸದು ತಗೋಬೇಕು. ಆಸ್ಪತ್ರೇಲಿ ಪಾಲಕ್ಕ ಕೂಸನ್ನ ಬುಟ್ಟೀಲಿ ಮಲಗಿಸಿ ಬಟ್ಟೆ ಹೊದಿಸಿದಳು. "ಒಂದು ಗಳಿಗೆ ಹಿಡ್ಕೋ ತಮ್ಮಾ, ಔಷಧಿ ಚೀಟಿ ಇಸ್ಕೊಂಡು ಬರ್ತೀನಿ" ಅಂತ ಒಳಗೆ ಹೋದಳು.

ತಿಪ್ಪೇಶ ಬುಟ್ಟಿ ನೋಡಿದ. ಎಷ್ಟು ಹೊಸದು! ಕಾಲಿನ ಉಗುರೂ ಹೊಸದು. ಅಕ್ಕ ಹೋದ ಬಾಗಿಲು ನೋಡಿದ. ಅಕ್ಕನಿಗೆ ಮೂವತ್ತೊಂದು.

ಬುಟ್ಟೀನ ಸೀಟಿಗೆ ಒತ್ತಿ ಕಟ್ಟಿದ. ಎತ್ತಿನ ಗಾಡಿಗಿಂತ ಮೆಲ್ಲಗೆ ಹೊರಟ. ಸಂಜೆ ಬಿಸಿಲು ಅರಿಶಿನದ ನೀರಿನಂಗೆ ರಸ್ತೆ ಮೇಲೆ ಹರಿದಿತ್ತು. ವ್ಯಾನು ಗುಂಯ್ ಅಂತಿತ್ತು, ಕೂಸು ನಿದ್ದೇಲಿ ನಗ್ತಿತ್ತು. ತಿಪ್ಪೇಶನಿಗೆ ಜನ್ಮದಲ್ಲಿ ಮೊದಲ ಸಲ, ಒಂದು ಕೆಲಸ ಸರಿಯಾಗಿ ಮಾಡಿದೆ ಅನ್ನಿಸಿತು. ಕಣ್ಣಲ್ಲಿ ನೀರು ಬಂತು.

ಓಬಳಮ್ಮ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಪಾಲಿ ಎಲ್ಲೋ?"

"ಹಳೇದನ್ನ ಅಲ್ಲೇ ಬಿಟ್ಟೆ. ಹೊಸದನ್ನ ಮಾತ್ರ ತಂದೆ!"

ತಟ್ಟೆ ಠಣ್ ಅಂತ ಬಿತ್ತು. "ಅಯ್ಯಯ್ಯೋ! ಹೆತ್ತವಳ ಎದೆ ಒಡೆದು ಹೋಗಿರುತ್ತೆ ಕಣೋ ಪಾಪೀ! ತಿರುಗಿಸು ಗಾಡೀನ!" ಬುಟ್ಟಿ ಮಡಿಲಿಗೆ ಹಾಕಿಕೊಂಡು ತಾನೂ ಹತ್ತಿದಳು. "ಆಸ್ಪತ್ರೆ ಬರೋವರೆಗೂ ಎಲ್ಲೂ ನಿಲ್ಲಿಸಬೇಡ!"

"ಹೂನಮ್ಮಾ."

ಹೊರಟರು. ಓಬಳಮ್ಮ ಬುಟ್ಟಿಯ ಬಟ್ಟೆ ಸರಿಸಿ ಮೊಮ್ಮಗಳ ಮುಖ ನೋಡಿದಳು. ನೋಡಿದ್ದೇ ನೋಡಿದ್ದು. ಬೈಗುಳವೆಲ್ಲಾ ಮರೆತೇ ಹೋಯ್ತು.

ಎದುರಿಂದ ಒಂದು ಆಟೋ ಬಂತು. ಅದರೊಳಗಿಂದ ಒಬ್ಬಳು ಅರ್ಧ ಮೈ ಆಚೆ ಹಾಕಿ, ಕೂದಲು ಕೆದರಿಕೊಂಡು, ಎರಡೂ ಕೈ ಬೀಸಿ ಕೂಗ್ತಿದ್ದಳು. ತಿಪ್ಪೇಶ ನಕ್ಕ. ತಾನೂ ಒಂದು ಕೈ ಬೀಸಿದ. ಆಟೋ ಹಿಂದೆ ಉಳೀತು.

"ಯಾರಿಗೋ ಕೈ ಬೀಸಿದ್ದು?" ಅಂದಳು ಓಬಳಮ್ಮ, ಕೂಸಿನಿಂದ ಕಣ್ಣು ತೆಗೀದೆ.

"ಅಕ್ಕನಿಗೆ."

"ನಿಲ್ಲಿಸೋ!"

"ಆಸ್ಪತ್ರೆ ಇನ್ನೂ ಬಂದಿಲ್ಲಮ್ಮಾ."