ದಾರಿ ತಿಂದ ಬಿಸ್ಕತ್ತು

ಒಂದಾನೊಂದು ಕಾಲದಲ್ಲಿ, ಒಲೆ ಹಚ್ಚೋಕೆ ಪಕ್ಕದ ಮನೆಯಿಂದ ಕೆಂಡ ತರುತ್ತಿದ್ದ ಕಾಲದಲ್ಲಿ, ಒಂದು ಊರಲ್ಲಿ ಮೂವರು ಗೆಳತಿಯರು ಇದ್ದರಂತೆ. ಒಬ್ಬಳು ಜವರಮ್ಮ, ಒಬ್ಬಳು ಹೊಂಬಾಳಮ್ಮ, ಇನ್ನೊಬ್ಬಳು ಸಿದ್ದಮ್ಮ. ಅದೇ ಊರಲ್ಲಿ ಹುಟ್ಟಿ, ಅದೇ ಊರಲ್ಲಿ ಬಾಳಿ, ಅದೇ ಊರಲ್ಲಿ ತಲೆ ನರೆಸಿಕೊಂಡವರು. ಜವರಮ್ಮನಿಗೆ ಕೋಪ ಮೂಗಿನ ತುದಿಯಲ್ಲಿ. ಹೊಂಬಾಳಮ್ಮನಿಗೆ ಮಾತು ಕಡಿಮೆ, ನಗು ಜಾಸ್ತಿ. ಸಿದ್ದಮ್ಮ ಇಬ್ಬರ ನಡುವೆ ಕೂತು ಇವಳನ್ನು ರೇಗಿಸಿ ಅವಳನ್ನು ನಗಿಸೋಳು.

ಈ ಮೂವರೂ ಹಬ್ಬ ಬಂದರೆ ಸೇರಿಕೊಂಡು ಬಿಸ್ಕತ್ತು ಸುಡುತ್ತಿದ್ದರಂತೆ. ಎಂಥಾ ಬಿಸ್ಕತ್ತು ಅಂದರೆ, ಗೋಧಿ ಹಿಟ್ಟಿಗೆ ಬೆಣ್ಣೆ, ಬೆಲ್ಲದ ಪುಡಿ ಹಾಕಿ ಕಲಸಿ, ಅದರೊಳಗೆ ಚಾಕಲೇಟನ್ನು ಕಡಲೆಕಾಳಿನಷ್ಟು ಚೂರು ಮಾಡಿ ಹಾಕಿದ್ದು. ಆ ಕಾಲದಲ್ಲಿ ಚಾಕಲೇಟ್ ಎಲ್ಲಿತ್ತು ಅಂತ ಕೇಳಬೇಡ. ರಾಕ್ಷಸ ಇದ್ದ ಅಂದರೆ ಹೂಂ ಅಂತೀಯ, ಚಾಕಲೇಟ್ ಇತ್ತು ಅಂದರೆ ಎದ್ದು ಕೂರ್ತೀಯ. ಇತ್ತು. ಸಂತೆಗೆ ಬರೋ ಒಬ್ಬ ವ್ಯಾಪಾರಿ ತರುತ್ತಿದ್ದ. ಮಲಕ್ಕೋ.

ಆಮೇಲೆ ದಪ್ಪ ತಳದ ಬಾಣಲೆಗೆ ಮರಳು ಸುರಿದು, ಮರಳಿನ ಮೇಲೆ ತಟ್ಟೆ ಇಟ್ಟು, ತಟ್ಟೆಯಲ್ಲಿ ಬಿಸ್ಕತ್ತು ಜೋಡಿಸಿ, ಮುಚ್ಚಳ ಮುಚ್ಚಿ, ಕೆಳಗೂ ಕೆಂಡ ಮೇಲೂ ಕೆಂಡ ಇಡುತ್ತಿದ್ದರಂತೆ. ಹಿಟ್ಟು ಕಲಸೋದು ಹೊಂಬಾಳಮ್ಮ, ಚಾಕಲೇಟ್ ಚೂರು ಮಾಡೋದು ಜವರಮ್ಮ, ಕೆಂಡ ನೋಡಿಕೊಳ್ಳೋದು ಸಿದ್ದಮ್ಮ. ಬೆಂದ ಮೇಲೆ ಮೂರು ಪಾಲು. ಹೊಂಬಾಳಮ್ಮನಿಗೆ ಆ ಬಿಸ್ಕತ್ತು ಅಂದರೆ ಪ್ರಾಣ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಸಿದ್ದಮ್ಮನಿಗೆ ಜ್ವರ ಬಂತಂತೆ. ಬಂದ ಜ್ವರ ಇಳಿಯಲೇ ಇಲ್ಲವಂತೆ. ಸಿದ್ದಮ್ಮ ತೀರಿಕೊಂಡಳಂತೆ.

ಆಮೇಲೆ ಹೊಂಬಾಳಮ್ಮ ಮನೆ ಬಾಗಿಲು ಹಾಕಿಕೊಂಡಳಂತೆ. ಅವಳಿಗೆ ಗಂಡ ಇಲ್ಲ, ಮಕ್ಕಳಿಲ್ಲ, ಇದ್ದವರು ಆ ಇಬ್ಬರು ಗೆಳತಿಯರು. ಅಕ್ಕಪಕ್ಕದವರು ಬಾಗಿಲ ಹತ್ತಿರ ಮುದ್ದೆ ಸಾರು ಇಟ್ಟು ಹೋದರೆ ಅದನ್ನು ಕಾಗೆ ತಿನ್ನೋದು. ಕರೆದರೆ ಓ ಅನ್ನೋದಿಲ್ಲ. ಕಿಟಕಿ ಸಂದಿಯಿಂದ ನೋಡಿದವರು, ಏನೋ ಒಂದು ಹಿಡಿ ಕಡಲೆಪುರಿ ತಿಂದು ನೀರು ಕುಡಿಯುತ್ತಾಳೆ, ಮೂಳೆ ಎಣಿಸಬಹುದು, ಹೀಗೇ ಆದರೆ ಹೊಂಬಾಳಮ್ಮ ಈ ಸುಗ್ಗಿ ಕಾಣೋದಿಲ್ಲ ಅಂದರಂತೆ.

ಆ ಮಾತು ಜವರಮ್ಮನ ಕಿವಿಗೆ ಬಿತ್ತು. ಜವರಮ್ಮ ಹೇಗೆ ಗೊತ್ತಾ, ದುಃಖ ಬಂದರೆ ಅಳೋಕೆ ಬರದ ಹೆಂಗಸು, ಬದಲಿಗೆ ಕೋಪ ಮಾಡಿಕೊಳ್ಳೋಳು. ಸಿದ್ದಮ್ಮ ಹೋದ ದಿನದಿಂದ ಕೋಳಿಯನ್ನು ಬೈದಳು, ಪಾತ್ರೆಯನ್ನು ಬೈದಳು, ಮಳೆ ಬಂದರೂ ಬೈದಳು, ಬರದಿದ್ದರೂ ಬೈದಳು. ಈಗ ಇವಳೂ ಹೋಗ್ತಾಳಂತಾ? ಅದು ಹೇಗೆ ಹೋಗ್ತಾಳೋ ನಾನೂ ನೋಡ್ತೀನಿ. ಮುದ್ದೆ ಬೇಡ ಅಂದವಳು ಬಿಸ್ಕತ್ತು ಬೇಡ ಅನ್ನಲಿ ನೋಡೋಣ, ಅಂತ ಸೆರಗು ಸಿಕ್ಕಿಸಿಕೊಂಡು ಒಲೆ ಮುಂದೆ ಕೂತಳಂತೆ.

ಹಿಟ್ಟು ಕಲಸಿ ಅಭ್ಯಾಸವಿಲ್ಲ, ಕೆಂಡ ನೋಡಿ ಗೊತ್ತಿಲ್ಲ. ಮೊದಲ ತಟ್ಟೆ ಇದ್ದಿಲಾಯ್ತು. ಎರಡನೆಯದು ಮೇಲೆ ಬೆಂದು ಒಳಗೆ ಹಸಿ. ಕೆಂಡ ಎಷ್ಟು ಹೊತ್ತು ಇಡಬೇಕು ಅಂತ ಒಂದು ಮಾತು ಹೇಳಿ ಹೋಗೋಕೆ ಏನಾಗಿತ್ತೇ ನಿನಗೆ ಅಂತ ಹೋದವಳನ್ನೂ ಬೈದಳಂತೆ. ಬೈದು ಬೈದು ಮೂರನೆಯ ತಟ್ಟೆ ಹೇಗೋ ನೆಟ್ಟಗಾಯ್ತು. ಅದನ್ನು ತಗಡಿನ ಡಬ್ಬಿಗೆ ತುಂಬಿಕೊಂಡು ಹೊರಟಳು.

ಜವರಮ್ಮನ ಮನೆ ಊರಿನ ಈ ತುದಿ, ಹೊಂಬಾಳಮ್ಮನ ಮನೆ ಆ ತುದಿ. ನಡುವೆ ಇಡೀ ಬೀದಿ. ಆ ಊರಲ್ಲಿ ಒಂದು ಪದ್ಧತಿ ಇತ್ತಂತೆ. ತಿಂಡಿ ತೆಗೆದುಕೊಂಡು ಹೋಗುವಾಗ ಯಾರಾದರೂ ಏನಮ್ಮಾ ಅದು ಅಂತ ಕೇಳಿದರೆ ಅವರ ಕೈಗೆ ಒಂದಿಷ್ಟು ಇಟ್ಟೇ ಮುಂದೆ ಹೋಗಬೇಕು. ಇಡದೆ ಹೋದರೆ ತಿಂಡಿಗೆ ಕಣ್ಣು ಬೀಳುತ್ತೆ, ತಿಂದವರ ಹೊಟ್ಟೆ ನೋಯುತ್ತೆ. ಮೊದಲೇ ಸೊರಗಿದ ಹೊಂಬಾಳಮ್ಮನಿಗೆ ಕಣ್ಣು ಬಿದ್ದ ತಿಂಡಿ ಕೊಡೋಕಾಗುತ್ತಾ?

ಬೀದಿಯಲ್ಲಿ ಮಕ್ಕಳು ಕುಂಟೆಬಿಲ್ಲೆ ಆಡ್ತಿದ್ದರು. ಒಂದು ಹುಡುಗಿ ಎತ್ತಿದ ಕಾಲು ಎತ್ತಿದ ಹಾಗೇ ನಿಂತು, ಜವರಜ್ಜೀ ಡಬ್ಬೀಲಿ ಏನು ಅಂದಳಂತೆ. ಏನೂ ಇಲ್ಲ ಆಡು ಹೋಗೇ ಅಂದರೆ, ಏನೂ ಇಲ್ಲದಿದ್ದರೆ ಘಮ ಅಂತ ಯಾಕೆ ಬರುತ್ತೆ ಅಂತ ಇನ್ನೊಬ್ಬಳು ಕೇಳಿದಳಂತೆ. ತಗೊಳ್ಳಿ, ಒಬ್ಬೊಬ್ಬರಿಗೆ ಒಂದೇ, ಅಂತ ಕೊಟ್ಟಳು. ಅಷ್ಟರಲ್ಲಿ ಒಂದು ಮಗು ಓಡಿಹೋಗಿ ತಮ್ಮನನ್ನು ಕರೆತಂತು, ತಮ್ಮ ದೊಡ್ಡಪ್ಪನ ಮಕ್ಕಳನ್ನು ಕರೆತಂದ, ಅವರು ತೊಟ್ಟಿಲಲ್ಲಿದ್ದ ಕೂಸನ್ನೂ ಎತ್ತಿಕೊಂಡು ಬಂದರು. ಈ ಕೂಸಿಗೆ ಹಲ್ಲೇ ಬಂದಿಲ್ಲವಲ್ರೋ ಅಂದರೆ, ಬಂದ ಮೇಲೆ ತಿನ್ನುತ್ತೆ ಕೊಡಜ್ಜೀ ಅಂದರಂತೆ. ಡಬ್ಬಿ ಖಾಲಿ. ಜವರಮ್ಮ ಅರ್ಧ ದಾರಿಯಿಂದಲೇ, ಏನು ಊರಪ್ಪಾ ಇದು, ಇಷ್ಟು ಮಕ್ಕಳನ್ನ ಯಾರು ಹೆತ್ತರೋ, ಅಂತ ಗೊಣಗಿಕೊಂಡು ವಾಪಸ್ ಬಂದಳು.

ಆಮೇಲೆ ಇನ್ನೊಂದು ದಿನ ಮತ್ತೆ ಸುಟ್ಟಳು. ಈ ಸಲ ಬುದ್ಧಿ ಉಪಯೋಗಿಸಿದಳಂತೆ. ಡಬ್ಬಿಯನ್ನು ಬುಟ್ಟಿಗಿಟ್ಟು, ಮೇಲೆ ಬೆರಣಿ ಜೋಡಿಸಿ, ಬೆರಣಿ ಮಾರೋಕೆ ಹೊರಟವಳ ಹಾಗೆ ತಲೆ ಮೇಲೆ ಹೊತ್ತು ಹೊರಟಳು. ಮಕ್ಕಳು ನೋಡಿದರು, ಥೂ ಸಗಣಿ ಅಂತ ಮೂಗು ಮುಚ್ಚಿಕೊಂಡರು. ಜವರಮ್ಮ ಒಳಗೊಳಗೇ ಹಿಗ್ಗಿದಳು.

ಮುಂದೆ ಪಟೇಲರ ಸೊಸೆ ಜಗಲಿ ಮೇಲೆ ಕೂತಿದ್ದಳು. ತುಂಬಿದ ಬಸುರಿ. ಬಸುರಿಯ ಮೂಗು ಅಂದರೆ ಸಾಮಾನ್ಯವಾ? ಜವರಕ್ಕಾ, ಬೆರಣಿಯಿಂದ ಬೆಣ್ಣೆ ವಾಸನೆ ಬರ್ತಾ ಇದೆಯಲ್ಲ, ನಿಮ್ಮ ಎಮ್ಮೆ ಏನು ತಿನ್ನುತ್ತೆ, ಅಂದಳಂತೆ. ಹುಲ್ಲು ತಿನ್ನುತ್ತೆ ಕಣಮ್ಮಾ, ಇನ್ನೇನು ತಿನ್ನುತ್ತೆ, ಅಂತ ಜವರಮ್ಮ ಬಿರಬಿರನೆ ಹೆಜ್ಜೆ ಹಾಕಿದಳು. ಅಯ್ಯೋ ಅಕ್ಕ, ನನಗೆ ಬಾಯೆಲ್ಲ ನೀರು ಬರ್ತಾ ಇದೆ, ಅದೇನು ಅಂತ ಹೇಳಿ ಹೋಗಿ, ಅಂತ ಆಕೆ ಕಣ್ಣಲ್ಲಿ ನೀರು ತುಂಬಿಕೊಂಡಳು. ಬಸುರಿ ಬಯಸಿದ್ದನ್ನು ಕೊಡದೆ ಹೋದರೆ ಹುಟ್ಟೋ ಮಗುವಿನ ಕಿವಿ ಸೋರುತ್ತೆ. ಅದೂ ಅಲ್ಲದೆ ಬಸುರಿಗೆ ಒಂದು ಕೊಟ್ಟು ಸಾಕು ಅನ್ನೋ ಹಾಗಿಲ್ಲ, ಆಕೆಯೇ ಸಾಕು ಅನ್ನಬೇಕು.

ಬುಟ್ಟಿ ಇಳಿಸಿ ಕೊಟ್ಟಳು. ಆಕೆ ತಿಂದಳು. ಸಾಕಾ ಅಂದರೆ, ನನಗೆ ಸಾಕು ಅಕ್ಕ, ಒಳಗಿರೋದು ಒದೀತಾ ಇದೆ, ಅಂದಳು. ಒದೆಯೋದಕ್ಕೂ ಒಂದು ಕೊಟ್ಟಾಯ್ತು. ಅವಳಿ ಇರಬಹುದು ಅಂತ ಸೂಲಗಿತ್ತಿ ಹೇಳಿದ್ದಾಳೆ ಅಕ್ಕ, ಅಂದಳಂತೆ. ಜವರಮ್ಮ ಹಣೆ ಹಣೆ ಚಚ್ಚಿಕೊಂಡಳು. ಕೊನೆಗೆ ಉಳಿದದ್ದು ಬೆರಣಿ.

ಆಮೇಲೆ ಮೂರನೆಯ ಸಲ. ಬೀದಿಯ ಸಹವಾಸವೇ ಬೇಡ ಅಂತ ಜವರಮ್ಮ ಊರ ಹಿಂದಿನಿಂದ ಕೆರೆ ಏರಿ ಮೇಲೆ ಹೊರಟಳಂತೆ. ಸುತ್ತು ದಾರಿ, ಮುಳ್ಳು, ಉರಿಬಿಸಿಲು. ಆದರೆ ಒಂದು ನರಪಿಳ್ಳೆ ಇಲ್ಲ. ಹೀಗೆ ಅರ್ಧ ಏರಿ ದಾಟಿದರೆ, ಹುಣಸೆ ಮರದ ಕೆಳಗೆ ಎಮ್ಮೆ ಮೇಯಿಸಿಕೊಂಡು ಒಬ್ಬ ಮುದುಕ ಕೂತಿದ್ದ. ಯಾರು ಅಂದರೆ ಮುದ್ದಯ್ಯ, ಸಿದ್ದಮ್ಮನ ಅಪ್ಪ. ಬಾಯಲ್ಲಿ ಒಂದೂ ಹಲ್ಲಿಲ್ಲ.

ಎಲ್ಲಿಗವ್ವಾ ಈ ಬಿಸಿಲಲ್ಲಿ ಅಂದನಂತೆ. ಇಲ್ಲೇ ದೊಡ್ಡಪ್ಪಾ ಅಂದಳಂತೆ. ಅವನಿಗೂ ವಾಸನೆ ಬಂತು. ಆದರೆ ಅವನು ಏನದು ಅಂತ ಕೇಳಲಿಲ್ಲ. ಸುಮ್ಮನೆ ಎಮ್ಮೆ ಕಡೆ ತಿರುಗಿ ಕೂತ. ಕೇಳಲಿಲ್ಲ ಅಂದ ಮೇಲೆ ಕೊಡಬೇಕಾಗಿಲ್ಲ. ಪದ್ಧತಿ ಪ್ರಕಾರ ಜವರಮ್ಮ ಹೋಗಬಹುದಿತ್ತು. ಹೋದಳು ಕೂಡ. ನಾಲ್ಕು ಹೆಜ್ಜೆ ಹೋದಳು, ನಿಂತಳು. ಕೇಳಿದ್ದರೆ ಬೈದು ಒಂದು ಕೊಟ್ಟು ಹೋಗ್ತಿದ್ದೆನಲ್ಲ, ಈ ಮುದುಕ ಕೇಳಲೂ ಇಲ್ಲವಲ್ಲ, ಅಂತ ಹಲ್ಲು ಕಡಿದುಕೊಂಡು ವಾಪಸ್ ಬಂದು ಪಕ್ಕದಲ್ಲಿ ಕೂತಳಂತೆ.

ಹಲ್ಲಿಲ್ಲದ ಬಾಯಿ, ಎಷ್ಟು ತಿಂದಾನು ಅಂದುಕೊಂಡಿದ್ದಳು. ಮುದ್ದಯ್ಯ ಒಂದನ್ನು ಬಾಯಿಗೆ ಹಾಕಿಕೊಂಡು ಈ ದವಡೆಯಿಂದ ಆ ದವಡೆಗೆ, ಆ ದವಡೆಯಿಂದ ಈ ದವಡೆಗೆ ಹೊರಳಿಸಿ, ನೆನೆಸಿ, ಚೀಪಿ ನುಂಗಿದ. ಆಮೇಲೆ, ಏನೋ ಒಂದು ಕಮ್ಮಿ ಇದೆ ಕಣವ್ವ ಅಂದ. ಏನು ಕಮ್ಮಿ, ಬೆಲ್ಲವಾ? ಗೊತ್ತಾಗಲಿಲ್ಲ, ಇನ್ನೊಂದು ಕೊಡು, ನೋಡಿ ಹೇಳ್ತೀನಿ. ಇನ್ನೊಂದು ಕೊಟ್ಟಳು. ಬೆಲ್ಲ ಅಲ್ಲ ಕಣವ್ವ, ಇನ್ನೊಂದು ಕೊಡು. ಬೆಣ್ಣೆ ಇರಬಹುದು. ಇನ್ನೊಂದು. ಬೆಣ್ಣೆಯೂ ಅಲ್ಲ. ಹೀಗೆ ಬಿಸಿಲು ಇಳಿಯೋವರೆಗೆ ಚೀಪಿ ಚೀಪಿ, ಡಬ್ಬಿಯ ತಳ ಕಂಡ ಮೇಲೆ, ಏನೂ ಕಮ್ಮಿ ಇಲ್ಲವ್ವ, ಚೆನ್ನಾಗೇ ಇದೆ, ನನಗೇ ಹಾಗನ್ನಿಸ್ತು, ಅಂದನಂತೆ. ಜವರಮ್ಮ ಖಾಲಿ ಡಬ್ಬಿಗೆ ಮುಚ್ಚಳ ಒತ್ತಿ ಎದ್ದಳು.

ಮನೆಗೆ ಹೋಗೋಕೆ ಮನಸ್ಸಿಲ್ಲ. ಖಾಲಿ ಡಬ್ಬಿ ಹಿಡಿದುಕೊಂಡೇ ಹೊಂಬಾಳಮ್ಮನ ಮನೆಗೆ ಹೋಗಿ, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಜಗಲಿ ಮೇಲೆ ಕೂತಳು. ಕೂತು ಶುರು ಮಾಡಿದಳು ನೋಡು.

ಏ ಹೊಂಬಾಳೀ, ಕೇಳಿಸ್ಕೋ. ನೀನು ಒಳಗೆ ಒಣಗ್ತಾ ಇದ್ದೀಯ, ಹೊರಗೆ ಈ ಊರು ನಿನ್ನ ಪಾಲು ತಿಂದು ಊದ್ಕೊಳ್ತಾ ಇದೆ. ಮೂರು ಸಲ ಸುಟ್ಟೆ, ಮೂರು ಸಲವೂ ದಾರಿ ತಿಂತು. ಹಲ್ಲಿಲ್ಲದ ಕೂಸು ತಿಂತು, ಹಲ್ಲು ಬಿದ್ದ ಮುದುಕ ತಿಂದ, ಹುಟ್ಟದೆ ಇರೋದೂ ತಿಂತು. ಮೂವತ್ತೆರಡು ಹಲ್ಲಿಟ್ಟುಕೊಂಡು ನೀನು ತಿನ್ನಬೇಡ. ಅವಳೂ ಅಷ್ಟೇ, ನೀನೂ ಅಷ್ಟೇ. ಅವಳು ಒಂದು ಮಾತು ಹೇಳದೆ ಎದ್ದು ಹೋದಳು. ನೀನು ಬಾಗಿಲು ಹಾಕ್ಕೊಂಡು ಹೋಗ್ತಾ ಇದ್ದೀಯ. ಇಬ್ಬರೂ ಹೋಗಿ. ನಾನು ಯಾರ ಹತ್ತಿರ ಜಗಳ ಆಡ್ಕೊಂಡು ಇರಲಿ ಈ ಊರಲ್ಲಿ? ಯಾರ ಹತ್ತಿರ...

ಅಷ್ಟು ಹೇಳಿದಳೋ ಇಲ್ಲವೋ, ಹುಟ್ಟಿದಾರಭ್ಯ ಅಳದ ಜವರಮ್ಮ ಡಬ್ಬಿ ತಬ್ಬಿಕೊಂಡು ಹೋ ಅಂತ ಅತ್ತಳಂತೆ.

ಹಿಂದೆ ಚಿಲಕ ತೆಗೆದ ಸದ್ದಾಯ್ತು. ಬೆನ್ನು ಕೊಟ್ಟು ಕೂತವಳು ಹಿಂದಕ್ಕೆ ವಾಲಿ ಹೊಸಿಲ ಮೇಲೆ ಬಿದ್ದಳು. ಮೇಲೆ ನೋಡಿದರೆ ಹೊಂಬಾಳಮ್ಮ ನಿಂತಿದ್ದಾಳೆ.

ಬೀದೀಲಿ ಕೂತು ಯಾಕೇ ಅಳ್ತೀಯ, ಒಳಗೆ ಬಂದು ಅಳು, ಅಂದಳಂತೆ.

ನಾನು ಅಳ್ತಾ ಇಲ್ಲ, ಬೈತಾ ಇದ್ದೀನಿ.

ಆಯ್ತು, ಒಳಗೆ ಬಂದು ಬೈ.

ಹೊಂಬಾಳಮ್ಮ ಖಾಲಿ ಡಬ್ಬಿ ತೆಗೆದುಕೊಂಡಳು. ತಳದಲ್ಲಿ ಅಂಟಿದ್ದ ಪುಡಿಯನ್ನು ಬೆರಳಲ್ಲಿ ಒತ್ತಿ ತೆಗೆದು ನಾಲಗೆಗೆ ಇಟ್ಟುಕೊಂಡಳು. ಜವರಮ್ಮ ಅವಳ ಬಾಯನ್ನೇ ನೋಡಿದಳು. ಬೆಣ್ಣೆ ಜಾಸ್ತಿ ಹಾಕಿದ್ದೀಯ, ಅಂದಳಂತೆ ಹೊಂಬಾಳಮ್ಮ.

ಇಷ್ಟು ತಿಂಗಳಾದ ಮೇಲೆ ಬಾಯಿಗೊಂದು ಚೂರು ಇಟ್ಟಿದ್ದೀಯ, ಅದೂ ತಪ್ಪು ಹುಡುಕೋಕಾ, ಅಂತ ಜವರಮ್ಮ ರೇಗಿದಳು. ಹಿಟ್ಟು ಕಲಸೋದು ನನ್ನ ಕೆಲಸ, ನೀನ್ಯಾಕೆ ಕೈ ಹಾಕಿದೆ, ಅಂದಳು ಇವಳು. ಹಾಗಾದರೆ ನೀನೇ ಕಲಸು. ಕಲಸ್ತೀನಿ, ಮನೇಲಿ ಹಿಟ್ಟಿಲ್ಲ. ತರ್ತೀನಿ ಇರು.

ಮಾರನೆಯ ಬೆಳಿಗ್ಗೆ ಜವರಮ್ಮ ಹಿಟ್ಟು, ಬೆಣ್ಣೆ, ಬೆಲ್ಲ ತುಂಬಿಕೊಂಡು, ಹಿಟ್ಟಿನೊಳಗೆ ಚಾಕಲೇಟ್ ಹುದುಗಿಸಿ, ನೇರವಾಗಿ ಬೀದಿಯಲ್ಲೇ ಹೊರಟಳಂತೆ. ಮಕ್ಕಳು ಕೇಳಿದರು, ಏನಜ್ಜೀ ಅದು? ಹಿಟ್ಟು ಕಣ್ರೋ, ಕೈ ಒಡ್ಡಿ. ಹಸಿ ಹಿಟ್ಟು ಯಾರಿಗೆ ಬೇಕಜ್ಜೀ ಅಂತ ಓಡಿಹೋದರು. ಪಟೇಲರ ಸೊಸೆಯೂ ಹಸಿ ಹಿಟ್ಟು ಒಲ್ಲೆ ಅಂದಳು. ಜವರಮ್ಮನಿಗೆ ತನ್ನ ಮೇಲೇ ಮೈಯೆಲ್ಲ ಉರಿಯಿತು. ಥೂ ನನ್ನ ತಲೆಗಿಷ್ಟು, ಬೇಯಿಸದೆ ತಂದರೆ ದಾರಿ ಮುಟ್ಟೋದೇ ಇಲ್ಲ ಅಂತ ಮೊದಲೇ ಹೊಳೆಯಬಾರದಿತ್ತಾ!

ಹೊಂಬಾಳಮ್ಮನ ತಣ್ಣಗಿದ್ದ ಒಲೆಗೆ ಬೆಂಕಿ ಬಿತ್ತು. ಇವಳು ಕಲಸಿದಳು, ಅವಳು ಚೂರು ಮಾಡಿದಳು. ಕೆಂಡ ನೋಡೋರು ಯಾರು? ಕೆಳಗಿನ ಕೆಂಡ ನೀನು ನೋಡು, ಮೇಲಿನದು ನಾನು, ಅಂತ ಇಬ್ಬರೂ ಆ ಕಡೆ ಈ ಕಡೆ ಕೂತು, ಜಾಸ್ತಿ ಆಯ್ತು ತೆಗಿ, ಕಮ್ಮಿ ಆಯ್ತು ಹಾಕು, ನಿನಗೇನು ಗೊತ್ತು, ನಿನಗೇನು ಗೊತ್ತು, ಅಂತ ಕಿತ್ತಾಡಿಕೊಂಡೇ ಸುಟ್ಟರಂತೆ. ಒಂದಿಷ್ಟು ಸೀದವು, ಒಂದಿಷ್ಟು ಮೆತ್ತಗಾದವು, ಉಳಿದವು ಚೆನ್ನಾಗಾದವು.

ಆಮೇಲೆ ಹೊಂಬಾಳಮ್ಮ ಪಾಲು ಮಾಡೋಕೆ ಕೂತಳು. ಕೈ ತನ್ನಷ್ಟಕ್ಕೆ ಮೂರು ಪಾಲು ಮಾಡಿತು. ಮಾಡಿದ ಮೇಲೆ ಇಬ್ಬರೂ ಮೂರನೆಯದನ್ನೇ ನೋಡ್ತಾ ಕೂತರು. ನೀನು ತಗೋ ಅಂತ ಇವಳು ತಳ್ಳಿದಳು. ನನಗ್ಯಾಕೆ, ನೀನೇ ತಗೋ ಅಂತ ಅವಳು ತಳ್ಳಿದಳು. ಒಬ್ಬರೂ ಮುಟ್ಟಲಿಲ್ಲ, ತಮ್ಮ ಪಾಲನ್ನೂ ಮುಟ್ಟಲಿಲ್ಲ.

ಅಷ್ಟರಲ್ಲಿ ಹೊರಗೆ ಗುಸುಗುಸು. ವಾಸನೆ ಹಿಡಿದು ಬೀದಿಯೇ ಬಂದಿತ್ತು. ಮಕ್ಕಳು, ಪಟೇಲರ ಸೊಸೆ, ಎಲ್ಲರ ಹಿಂದೆ ಕೋಲೂರಿಕೊಂಡು ಮುದ್ದಯ್ಯ. ಬಂದ್ರಾ, ಇಲ್ಲಿಗೂ ಬಂದ್ರಾ, ಅಂತ ಜವರಮ್ಮ ಸೌಟು ಹಿಡಿದು ಎದ್ದಳು. ಹೊಂಬಾಳಮ್ಮ ಅವಳ ಕೈ ಹಿಡಿದು ಕೂರಿಸಿ, ಸುಮ್ಮನಿರೇ, ಇದು ಅವರ ಪಾಲು, ಅಂದಳಂತೆ. ಅಂದು, ಮೂರನೆಯ ಪಾಲನ್ನು ಮೊರಕ್ಕೆ ಹಾಕಿಕೊಂಡು, ತಾನೇ ಹೋಗಿ ಬಾಗಿಲಿನ ಎರಡೂ ಕದ ತೆರೆದು, ಮೊದಲು ಮುದ್ದಯ್ಯನಿಗೆ, ಆಮೇಲೆ ಬಸುರಿಗೆ, ಆಮೇಲೆ ಮಕ್ಕಳಿಗೆ ಕೈಯಾರೆ ಹಂಚಿದಳಂತೆ. ಎಷ್ಟು ಸೊರಗಿದ್ದೀಯವ್ವಾ ಅಂತ ಮುದ್ದಯ್ಯ ತಲೆ ಸವರಿದನಂತೆ. ಮೊರ ಖಾಲಿಯಾದ ಮೇಲೆ ಒಳಗೆ ಬಂದು ತನ್ನ ಪಾಲಿನ ಮುಂದೆ ಕೂತು, ಒಂದೊಂದಾಗಿ, ಸೀದದ್ದನ್ನೂ ಬಿಡದೆ, ಎಲ್ಲಾ ತಿಂದಳಂತೆ. ತಿನ್ನೋವಾಗ ಕಣ್ಣಲ್ಲಿ ನೀರು ಹರಿಯಿತು, ಆದರೆ ತಿನ್ನೋದು ನಿಲ್ಲಿಸಲಿಲ್ಲ. ಜವರಮ್ಮ ಪಕ್ಕದಲ್ಲಿ ಕೂತು, ಬಿಕ್ಕಳಿಸ್ತೀಯ, ನೀರು ಕುಡಿ, ನಿಧಾನ ತಿನ್ನು, ಅಂತ ಗದರುತ್ತಲೇ ಇದ್ದಳಂತೆ.

ಹೊಂಬಾಳಮ್ಮ ಆ ವರ್ಷದ ಸುಗ್ಗಿ ಕಂಡಳು, ಆಮೇಲೆ ಎಷ್ಟೋ ಸುಗ್ಗಿ ಕಂಡಳು. ಹಬ್ಬ ಬಂದಾಗೆಲ್ಲ ಅವಳ ಮನೆಯಲ್ಲೇ ಬಿಸ್ಕತ್ತು, ಅದೇ ಮೂರು ಪಾಲು, ಮೂರನೆಯದು ಬಾಗಿಲಿಗೆ ಬಂದವರಿಗೆ. ಇಷ್ಟು ಜನಕ್ಕೆ ಮಾಡಿ ಹಾಕೋಕೆ ನನ್ನ ಸೊಂಟ ಏನು ಕಬ್ಬಿಣದ್ದಾ ಅಂತ ಜವರಮ್ಮ ಪ್ರತಿ ಸಲವೂ ಗೊಣಗೋಳು, ಪ್ರತಿ ಸಲವೂ ಒಂದು ಹಿಡಿ ಹಿಟ್ಟು ಜಾಸ್ತಿ ತರೋಳಂತೆ. ಅವರೂ ಸುಖವಾಗಿದ್ದರು, ಊರೂ ಸುಖವಾಗಿತ್ತು, ಅಲ್ಲಿಗೆ ಕತೆ ಮುಗೀತು, ಕೆಂಡ ಆರಿತು. ಕಣ್ಣು ಮುಚ್ಚು ಕಂದ.