ಹೊಳೆಯಾಚೆಯ ವಿಳಾಸ

ಮಲಪ್ರಭೆಯ ದಂಡೆಯ ಮೇಲಿನ ಒಂದು ಆಶ್ರಮದಲ್ಲಿ ಅಡಿವೆಪ್ಪ ಗುರುಗಳು ಕಾಲಿನ ಹುಣ್ಣು ಮಾಯದವರಿಗೆ ಔಷಧ ಕಟ್ಟುತ್ತಿದ್ದರು.

ಯಾವ ಹುಣ್ಣು ಮಾಯುತ್ತದೆ, ಯಾವುದು ಕೆಡುತ್ತದೆ ಎಂದು ಯಂತ್ರವೊಂದಕ್ಕೆ ಕಲಿಸುವ ಕೆಲಸ ಆಗಷ್ಟೇ ಶುರುವಾಗಿತ್ತು. ರೋಗಿಗಳ ಹುಣ್ಣಿನ ಫೋಟೋಗಳೆಲ್ಲ ಕ್ಲೌಡಿನಲ್ಲಿದ್ದವು. ಆಶ್ರಮದ ಕೆಲವರು ಹಜಾರದಲ್ಲಿ ಕಂಪ್ಯೂಟರ್ ಮುಂದೆ ಕೂತು ಹುಣ್ಣಿನ ಅಂಚಿಗೆ ಗುರುತು ಹಾಕುತ್ತಿದ್ದರು. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕಿತ್ತು.

"ಮಂದಿ ನಮ್ಮನ್ನ ನಂಬಿ ತೋರಿಸಿದ ನೋವು ಅದು. ಬೀದಿಗೆ ಬೀಳಬಾರದು," ಎಂದಿದ್ದರು ಗುರುಗಳು.

ಆ ಫೋಟೋಗಳ ಬಾಗಿಲು ಕಾಯುವ ಹೊಣೆ ತನಗೇ ಬೇಕೆಂದು ಶಿಷ್ಯ ಕಲ್ಮೇಶ ಗೋಗರೆದು ಪಡೆದುಕೊಂಡಿದ್ದ. ಕಾಯುವುದೆಂದರೆ ದೊಣ್ಣೆ ಹಿಡಿದು ನಿಲ್ಲುವುದಲ್ಲ. ಯಾರು ಬರಬಹುದು, ಎಲ್ಲಿಂದ ಬರಬಹುದು ಎಂದು ಒಂದು ಆದೇಶ ಬರೆದು ಕ್ಲೌಡಿನಲ್ಲಿ ಆದೇಶ ತೆಗೆದುಕೊಳ್ಳುವ ಎಪಿಐ ಎಂಬ ಕಿಂಡಿಗೆ ಕಳಿಸಿದರಾಯಿತು. ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ಕಲ್ಮೇಶ ಆಶ್ರಮದ ಇಂಟರ್ನೆಟ್ ವಿಳಾಸವೊಂದನ್ನೇ ಬರೆದು ಕಳಿಸಿದ.

"ಇನ್ನ ಇರಿವಿ ಸೈತ ನುಸುಳಂಗಿಲ್ರಿ," ಎಂದು ಬೀಗಿದ.

"ಛಲೋ ಆತು," ಎಂದರು ಗುರುಗಳು, ಬ್ಯಾಂಡೇಜು ಸುತ್ತುತ್ತಾ.

ಅದಾಗಿ ಎರಡು ದಿನಕ್ಕೆ ನೀಲವ್ವನ ಫೋನ್ ಬಂತು. ಈಕೆ ಆಶ್ರಮದಲ್ಲೇ ಹುಣ್ಣು ವಾಸಿಯಾಗಿ, ಅಲ್ಲೇ ಕೆಲಸಕ್ಕೆ ನಿಂತವಳು. ಮಗಳ ಬಾಣಂತನಕ್ಕೆಂದು ಹೊಳೆಯಾಚೆಯ ಊರಿಗೆ ಹೋಗುವಾಗ ಕೆಲಸ ನಿಲ್ಲಬಾರದೆಂದು ಲ್ಯಾಪ್‌ಟಾಪನ್ನೂ ಒಯ್ದಿದ್ದಳು.

"ಕಲ್ಮೇಶಪ್ಪಾ, ಮೊನ್ನಿಂದ ನನ್ನ ಒಳಗ ಬಿಡವಲ್ದು. ನಾ ಬ್ಯಾಡಾದ್ನೇನು?"

"ಹಂಗಲ್ಲಬೇ. ನೀ ಈಗ ಆಶ್ರಮದಾಗ ಇಲ್ಲಲ್ಲ, ಅದಕ್ಕ. ತಿರುಗಿ ಬಂದ ಮ್ಯಾಲ ಮಾಡಿಯಂತ."

"ಆ ಫೋಟೋದಾಗ ನನ್ನ ಕಾಲೂ ಐತೆಪಾ," ಎಂದು ಮೆಲ್ಲಗೆ ಹೇಳಿ ಆಕೆ ಫೋನ್ ಇಟ್ಟಳು.

ಗುರುಗಳು ಕೇಳಿದರು: "ಆಕಿ ನಮ್ಮಾಕಿ ಹೌದಲ್ಲೋ?"

"ಹೌದ್ರಿ. ಆದ್ರ ಆಕಿ ಇರೂ ಜಾಗಾ ನಮ್ದಲ್ಲ."

"ನೀ ಕಾಯೂದು ಜಾಗಾನೋ, ನಂಬಿಕಿನೋ?"

ಕಲ್ಮೇಶ ತಲೆ ಕೆರೆದುಕೊಂಡ. ಮತ್ತೆ ನೀಲವ್ವನಿಗೆ ಫೋನ್ ಮಾಡಿ, ಅಲ್ಲಿ ಪರದೆ ಯಾರ ಕಣ್ಣಿಗೆ ಬೀಳುತ್ತದೆ ಎಂದು ಕೇಳಿದ. "ಒಳಗಿನ ಖೋಲಿ, ಅಗಳಿ ಹಾಕ್ಕೊಂಡು ಕೂಡ್ತೀನಿ. ಮಗಳಿಗೂ ತೋರ್ಸಂಗಿಲ್ಲ," ಎಂದಳು. ಆ ಮನೆಯ ಇಂಟರ್ನೆಟ್ ವಿಳಾಸ ಕೇಳಿಕೊಂಡು, ಬರೆದು ಕಳಿಸಿದ.

ಕಳಿಸಿದ್ದೇ ತಡ, ಹಜಾರದಲ್ಲಿ ಗದ್ದಲ.

"ನಮ್ಮನ್ಯಾಕ ಹೊರಗ ಹಾಕಿದ್ಯೋ?"

ಆದೇಶ ಹೊಸ ವಿಳಾಸವನ್ನು ಹಳೆಯದರ ಜೊತೆ ಸೇರಿಸಿರಲಿಲ್ಲ. ಹಳೆಯದನ್ನು ಅಳಿಸಿ ಹೊಸದನ್ನು ಕೂರಿಸಿತ್ತು. ಎರಡನ್ನೂ ಬರೆಯಬೇಕಿತ್ತು, ಜಾಣ ಒಂದನ್ನೇ ಬರೆದಿದ್ದ. ಈಗ ಆಶ್ರಮಕ್ಕೆ ಆಶ್ರಮವೇ ಹೊರಗೆ, ನೀಲವ್ವ ಒಬ್ಬಳೇ ಒಳಗೆ. ಆದೇಶ ಕಳಿಸುವ ಕಿಂಡಿ ಮಾತ್ರ ತೆರೆದೇ ಇತ್ತು.

"ಈಗ ಸರಿ ಮಾಡ್ತೀನ್ರಿ," ಎಂದು ಕಲ್ಮೇಶ ಬೆವರುತ್ತಾ ಕೀಬೋರ್ಡಿಗೆ ಕೈ ಹಾಕಿದ.

ಗುರುಗಳು ಆ ಕೈ ಹಿಡಿದರು. "ತಡಿ. ಹೊರಗಿರೂದು ಹೆಂಗಿರ್ತೈತಿ ನೋಡೂಣು. ನಡೀರಿ, ಎಲ್ಲಾರೂ ಕಟ್ಟಿ ಮ್ಯಾಲ ಕೂಡೂಣು."

ಎಲ್ಲರೂ ಹೊರಗೆ ಬಂದು ಕೂತರು. ಯಾರೋ ಚಹಾ ತಂದರು. ಗುರುಗಳು ಹಬ್ಬದ ರಜೆ ಸಿಕ್ಕವರ ಹಾಗೆ ಹೊಳೆ ನೋಡುತ್ತಾ ಕುಡಿದರು. ಕಲ್ಮೇಶ ತನ್ನ ಚಹಾ ಮುಟ್ಟದೆ ಪಕ್ಕಕ್ಕಿಟ್ಟ. ಇನ್ನು ಈ ಹೊಣೆ ತನ್ನ ಕೈಲಿ ಉಳಿಯುವುದಿಲ್ಲ ಎಂದು ಅವನಿಗೆ ಅಳುವೇ ಬಂದಂತಾಗಿತ್ತು.

ಅಷ್ಟರಲ್ಲಿ ಮತ್ತೆ ನೀಲವ್ವನ ಫೋನ್.

"ಕಲ್ಮೇಶಪ್ಪಾ, ನಾ ಗುರುತು ಹಾಕಾಕತ್ತೀನಿ, ಒಪ್ಪಾಕ ಯಾರೂ ಬರವಲ್ರು. ಎಲ್ಲಾರೂ ಆರಾಮ ಅದೀರಿಲ್ಲೋ? ಗುರುಗಳಿಗೇನೂ ಆಗಿಲ್ಲಲ್ಲಾ?"

ಆಕೆ ಮೊನ್ನೆಯಿಂದ ಹೊರಗಿದ್ದಳು. ಆಕೆಯ ಗುರುತು ಯಾಕೆ ಬರುತ್ತಿಲ್ಲ, ಏನಾದಳು ಎಂದು ಹಜಾರದಲ್ಲಿ ಒಬ್ಬರೂ ಕೇಳಿರಲಿಲ್ಲ. ತಾನಂತೂ ಆಕೆ ಫೋನ್ ಮಾಡುವ ತನಕ ನೆನೆಸಿಯೂ ಇರಲಿಲ್ಲ.

"ಆರಾಮ ಅದೀವಬೇ," ಎಂದ ಕಲ್ಮೇಶ. "ತಪ್ಪು ನಂದು. ನಿನ್ನ ಹೊರಗ ಹಾಕಿದ್ದೂ ನಂದ ತಪ್ಪು."

ಫೋನ್ ಇಟ್ಟು ಗುರುಗಳ ಮುಖ ನೋಡಿದ. ಅವರು ತಲೆಯಾಡಿಸಿದರು. ಒಳಗೆ ಹೋಗಿ ಎರಡೂ ವಿಳಾಸ ಬರೆದ, ಒಂದೊಂದೇ ಅಂಕಿ ಓದಿ ನೋಡಿ ಕಳಿಸಿದ. ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ಕೆಲಸಕ್ಕೆ ಹೋದರು. ಹೊಳೆಯಾಚೆ ನೀಲವ್ವ ಹಾಕಿದ ಗುರುತುಗಳಿಗೆ ಒಪ್ಪಿಗೆ ಬೀಳತೊಡಗಿತು.

ಕಲ್ಮೇಶ ಗುರುಗಳ ಹತ್ತಿರ ಬಂದು ತಲೆ ತಗ್ಗಿಸಿ ನಿಂತ.

"ಈ ಬಾಗಲಾ ಕಾಯೂದು ನನ್ನ ಕೈಲೆ ಆಗೂದಿಲ್ರಿ. ಬ್ಯಾರೆ ಯಾರಿಗರ ಕೊಡ್ರಿ."

ಗುರುಗಳು ಅವನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡು, ಶಲ್ಯದ ತುದಿಯಿಂದ ಅವನ ಕಣ್ಣು ಒರೆಸಿದರು.

"ನಿನ್ನೆ ಕೇಳಿದ್ರ ಕೊಡ್ತಿದ್ದೆ. ಈಗ ನಿನ್ನ ಬಿಟ್ಟು ಯಾರಿಗೆ ಕೊಡ್ಲಿ?" ಎಂದರು.