ರೆಕ್ಕೆ ಮುಚ್ಚಿ ಕೂತ ಚಿಟ್ಟೆ

ಕಲ್ಲಯ್ಯನಿಗೆ ಮಣ್ಣು ಕೊಟ್ಟು ಬಂದ ಮೂರನೆಯ ದಿನ ಗುರುಪಾದ ಮಠ ಬಿಟ್ಟು ಹೊರಟ. ಭೀಮಾ ತೀರದ ಆ ಮಠದಲ್ಲಿ ಯಾರಿಗೂ ಮುಖ ತೋರಿಸುವ ಧೈರ್ಯ ಅವನಿಗೆ ಉಳಿದಿರಲಿಲ್ಲ.

ಮೂರು ವರ್ಷ ಹಿಮಾಲಯದಲ್ಲಿದ್ದು ಬಂದವನು ಅವನು. ಗಡ್ಡವೂ ಬೆಳೆದಿತ್ತು, ಮಾತೂ ಬೆಳೆದಿತ್ತು. ಅಲ್ಲಿನ ಸಾಧುಗಳು ನಡುಹಗಲಲ್ಲಿ ಬರಿಮೈಯಲ್ಲಿ ಬಿಸಿಲಿಗೆ ಕೂತು ಧ್ಯಾನ ಮಾಡುತ್ತಿದ್ದರು. ಅದೇ ಸಾಧನೆಯನ್ನು ಇಲ್ಲಿಗೆ ತಂದ, ಅದೂ ನೆಲ ಹೆಂಚಿನಂತೆ ಕಾಯುವ ವೈಶಾಖದಲ್ಲಿ!

ಹಿತ್ತಲ ಗಿಡ ಮದ್ದಲ್ಲ ನೋಡಿ. ಹಿಮಾಲಯದ್ದು ಅಂದದ್ದೇ ಸಾಕಾಯಿತು. ಮಠದ ಅಡುಗೆ ಮಾಡುತ್ತಿದ್ದ ಹಿರಿಯ ಶಿಷ್ಯ ಕಲ್ಲಯ್ಯ ಎರಡು ಮಾತಾಡಲಿಲ್ಲ.

“ನೀ ಕಂಡು ಬಂದಾಂವ. ನೀ ಹೇಳಿದ್ದ ಖರೆ,” ಎಂದು ಜೊತೆಗೆ ಕೂತ.

ಎಂಟನೆಯ ದಿನ ಗುರುಪಾದ ತಲೆ ಸಿಡಿಯುತ್ತದೆಂದು ಒಳಗೆ ಹೋದ. ಕಲ್ಲಯ್ಯ ಏಳಲಿಲ್ಲ. ಹನ್ನೊಂದನೆಯ ದಿನ ಕೂತಲ್ಲೇ ಒರಗಿದ.

ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರು ಹೊಳೆಯ ದಂಡೆಯಲ್ಲಿದ್ದರು. ಗುರುಪಾದ ಹೋಗಿ ಕಾಲಿಗೆ ಬಿದ್ದ.

“ಹೊಂಟೀನ್ರಿ ಅಜ್ಜಾರ. ಅವನನ್ನ ನಾನ ಕೊಂದೆ. ಏನರ ಶಿಕ್ಷಾ ಹೇಳ್ರಿ.”

ಅಜ್ಜಾರು ಹಸಿ ಮರಳಿನತ್ತ ಬೆರಳು ಮಾಡಿದರು. ಅಲ್ಲಿ ಹಳದಿ ಚಿಟ್ಟೆಗಳು ಗುಂಪಾಗಿ ಕೂತು ನೀರು ಹೀರುತ್ತಿದ್ದವು.

“ಹಿಮದ ನಾಡಿನ್ಯಾಗ ಚಿಟ್ಟಿ ಅದಾವೇನು?”

“ಅದಾವ್ರಿ. ರೆಕ್ಕಿ ಬೆಳ್ಳಗ, ಮೈಮ್ಯಾಲೆ ಕರೇ ಕೂದಲು.”

“ಬಿಸಿಲಿಗೆ ಹೆಂಗ ಕೂಡ್ತಾವು?”

“ರೆಕ್ಕಿ ಅಗಲ ಬಿಚ್ಚಿ ಕೂಡ್ತಾವ್ರಿ. ಮೈ ಕಾಯೋತನಕ ಅವಕ್ಕ ಹಾರಾಕ ಆಗೂದಿಲ್ಲ.”

“ಇವು?”

ಗುರುಪಾದ ಬಗ್ಗಿ ನೋಡಿದ. ಒಂದೊಂದೂ ರೆಕ್ಕೆ ಜೋಡಿಸಿ, ಅದರ ಅಂಚನ್ನಷ್ಟೇ ಸೂರ್ಯನಿಗೆ ಕೊಟ್ಟು ನಿಂತಿತ್ತು. ಹುಟ್ಟಿದಾಗಿನಿಂದ ಇದೇ ದಂಡೆಯಲ್ಲಿ ಓಡಾಡಿದವನು, ಇವತ್ತು ಕಂಡ.

“ಮುಚ್ಚಿ ಕೂತಾವ್ರಿ,” ಎಂದ. ದುಃಖ ಉಕ್ಕಿ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. “ಇದನ್ನ ಅವತ್ತ ಯಾಕ ತೋರಿಸಲಿಲ್ರಿ? ಕಲ್ಲಯ್ಯ ಉಳೀತಿದ್ನಲ್ರಿ!”

ಅಜ್ಜಾರು ತಲೆಗೆ ಸುತ್ತಿದ್ದ ಕಾವಿ ರುಮಾಲು ಬಿಚ್ಚಿ ಮರಳ ಮೇಲಿಟ್ಟರು. ಬೋಳು ನೆತ್ತಿಗೆ ಬಿಸಿಲು ಬಡಿಯುತ್ತಿತ್ತು.

“ದಿನಾ ಮಧ್ಯಾಹ್ನ ಅವನ ಮುಂದನ ಹಾದು ಹೋಗ್ತಿದ್ದೆ, ತಮ್ಮಾ. ಎಂಥಾ ತಪಸ್ಸು ಅಂತ ಕೈಮುಗಿದು, ನೆರಳಿಗೆ ಹೋಗ್ತಿದ್ದೆ.”